ಸ್ಪ್ಯಾನಿಷ್ ನುಡಿಗಟ್ಟನ್ನು ಇಂಗ್ಲಿಷಿಗೆ ತರುವಾಗ ನುಡಿಗಟ್ಟೇ ಬೇಕಾ, ನೇರ ಮಾತು ಸಾಕಾ?

ಸಬ್‌ಟೈಟಲ್_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಸ್ಪ್ಯಾನಿಷ್ ಧಾರಾವಾಹಿಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುವ ಕೆಲಸ ಮಾಡುತ್ತೇನೆ. ಈ ವಾರ ನನಗೂ ನನ್ನ ಕೆಲಸ ತಿದ್ದುವವರಿಗೂ ದೊಡ್ಡ ವಾದ ಆಯಿತು. ಅವರ ನಿಯಮ ಒಂದೇ. ಸ್ಪ್ಯಾನಿಷ್‌ನಲ್ಲಿ ನುಡಿಗಟ್ಟು ಬಂದರೆ ಇಂಗ್ಲಿಷ್‌ನಲ್ಲೂ ನುಡಿಗಟ್ಟೇ ಬರಬೇಕು. ಅದಕ್ಕೊಂದು ಪಟ್ಟಿ ಇಟ್ಟುಕೊಂಡಿದ್ದಾರೆ. ಎಡಗಡೆ ಸ್ಪ್ಯಾನಿಷ್, ಬಲಗಡೆ ಇಂಗ್ಲಿಷ್.

ಕೆಲವಕ್ಕೆ ಆ ಪಟ್ಟಿ ಸಾಕು. 'ತೊಮಾರ್ ಎಲ್ ಪೆಲೊ' ಅಂದರೆ ಪದ ಪದಕ್ಕೆ 'ಕೂದಲು ತೆಗೆದುಕೊಳ್ಳುವುದು'. ಅದೇ ಅರ್ಥಕ್ಕೆ ಇಂಗ್ಲಿಷ್‌ನವರು ಕಾಲು ಎಳೆಯುತ್ತಾರೆ, ನಾವು ಕಿವಿಗೆ ಹೂ ಇಡುತ್ತೇವೆ. ಇಂಥ ಕಡೆ ಅದಲು ಬದಲು ಮಾಡಿದರೆ ಯಾರಿಗೂ ನಷ್ಟ ಇಲ್ಲ. 'ಕ್ವೆಸ್ತಾ ಉನ್ ಓಹೊ ದೆ ಲಾ ಕಾರಾ', ಮುಖದ ಒಂದು ಕಣ್ಣಿನಷ್ಟು ಬೆಲೆ ಅಂತ ಸ್ಪೇನಿನವರು ಅಂದರೆ, ಇಂಗ್ಲಿಷ್‌ನಲ್ಲಿ ಒಂದು ಕೈ ಒಂದು ಕಾಲು ಹೋಗುತ್ತದೆ. ಅದೂ ಸರಿ.

ತಕರಾರು ಬಂದದ್ದು ಈ ದೃಶ್ಯಕ್ಕೆ. ಮೆಕ್ಸಿಕೋ ಕರಾವಳಿಯ ಒಂದು ಹಳ್ಳಿ. ಮೀನುಗಾರರ ಮನೆ. ಅಜ್ಜಿ ಮೊಮ್ಮಗನನ್ನು ಎಬ್ಬಿಸುತ್ತಾ 'ಕಮರೋನ್ ಕೆ ಸೆ ದ್ವೆರ್ಮೆ, ಸೆ ಲೊ ಯೇವಾ ಲಾ ಕೊರಿಯೆಂತೆ' ಅನ್ನುತ್ತಾಳೆ. ನಿದ್ದೆ ಹೋದ ಸಿಗಡಿಯನ್ನು ನೀರಿನ ಸೆಳೆತ ಎಳೆದುಕೊಂಡು ಹೋಗುತ್ತದೆ ಅಂತ. ಅವಳ ಹಿಂದೆ ಬಲೆ ಒಣಗುತ್ತಿದೆ, ದೋಣಿ ಕಾಣುತ್ತಿದೆ. ಪಟ್ಟಿಯ ಪ್ರಕಾರ ನಾನು ಬರೆಯಬೇಕಾದದ್ದು 'ಯು ಸ್ನೂಜ್, ಯು ಲೂಸ್'. ಅರ್ಥ ಸರಿಯೇ ಇದೆ. ಆದರೆ ಆ ಅಜ್ಜಿಯ ಬಾಯಲ್ಲಿ ಆ ಮಾತು? ಅಮೆರಿಕದ ಅಂಗಡಿಯೊಂದರ ಡಿಸ್ಕೌಂಟ್ ಬೋರ್ಡ್ ಓದಿದ ಹಾಗಿರುತ್ತದೆ. ನಾನು 'ಸ್ಲೀಪಿಂಗ್ ಶ್ರಿಂಪ್ ಗೆಟ್ ಸ್ವೆಪ್ಟ್ ಅವೇ' ಅಂತ ಬರೆದೆ. ನಮಗೆ ಒಂದು ಸಾಲಿಗೆ 42 ಅಕ್ಷರ, ಒಂದು ಸಲಕ್ಕೆ ಎರಡೇ ಸಾಲು. ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೂ ತೆಗೆದು ಹಾಕಿದರು. ಇಂಗ್ಲಿಷ್‌ನಲ್ಲಿ ಹೀಗೆ ಯಾರೂ ಹೇಳುವುದಿಲ್ಲ ಎಂಬುದು ಅವರ ವಾದ.

ಹೇಳುವುದಿಲ್ಲ, ನಿಜ. ಆದರೆ ಆ ಅಜ್ಜಿ ಇಂಗ್ಲಿಷ್‌ನವಳಲ್ಲ ಅಲ್ವಾ? ಇದರಲ್ಲಿ ಅನುಭವ ಇರುವವರು ಏನು ಮಾಡುತ್ತೀರಿ?

ಹಳೆ_ಮೇಷ್ಟ್ರು_ಧಾರವಾಡ

ನನ್ನ ಓಟು ನಿಮಗೇ. ಈ ಜಗಳ ನಾಲ್ಕು ನೂರು ವರ್ಷ ಹಳೆಯದು ತಂಗಿ.

ಸೆರ್ವಾಂಟಿಸ್ ಬರೆದ ಸ್ಪ್ಯಾನಿಷ್ ಕಾದಂಬರಿ 'ಡಾನ್ ಕ್ವಿಕ್ಸೋಟ್'ನ ಮೊದಲ ಭಾಗ ಬಂದದ್ದು 1605ರಲ್ಲಿ, ಎರಡನೆಯದು 1615ರಲ್ಲಿ. ಅದರಲ್ಲಿ ಡಾನ್ ಕ್ವಿಕ್ಸೋಟನ ಸೇವಕ ಸಾಂಚೊ ಪಾಂಸಾ ಬಾಯಿ ತೆರೆದರೆ ಗಾದೆ. ಒಂದರ ಹಿಂದೆ ಒಂದು ಪೋಣಿಸುತ್ತಾನೆ, ಜಾಗ ನೋಡುವುದಿಲ್ಲ, ಹೊತ್ತು ನೋಡುವುದಿಲ್ಲ. ಯಜಮಾನ ಬೈಯುತ್ತಾನೆ, ಇವನು ಬಿಡುವುದಿಲ್ಲ. ಅಕ್ಷರ ಬಾರದ ರೈತನಿಗೆ ಆ ಗಾದೆಗಳೇ ಆಸ್ತಿ. ಅವನ್ನು ಕಿತ್ತು ಬೇರೆ ದೇಶದವನ್ನು ಇಟ್ಟರೆ ಮನುಷ್ಯನೇ ಬದಲಾಗುತ್ತಾನೆ.

ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ಮೊದಲ ಭಾಗದ 37ನೇ ಅಧ್ಯಾಯ. ಡಾನ್ ಕ್ವಿಕ್ಸೋಟ್ ರಾಕ್ಷಸನ ತಲೆ ಕಡಿದೆ ಅಂದುಕೊಂಡು ಛತ್ರದವನ ವೈನು ತುಂಬಿದ ಚರ್ಮದ ಚೀಲಗಳನ್ನು ಕೊಚ್ಚಿ ಹಾಕಿದ್ದಾನೆ. ಸಾಂಚೊ ಅದು ರಾಕ್ಷಸ ಅಲ್ಲ ಅಂತ ತಿಳಿಹೇಳುತ್ತಾ 'ಆಲ್ ಫ್ರೆಯೀರ್ ದೆ ಲೊಸ್ ವೇವೊಸ್ ಲೊ ವೆರಾ' ಅನ್ನುತ್ತಾನೆ. ಮೊಟ್ಟೆ ಕರಿಯುವಾಗ ಗೊತ್ತಾಗುತ್ತದೆ ಬಿಡಿ ಅಂತ. ಅಲ್ಲಿಗೇ ನಿಲ್ಲಿಸುವುದಿಲ್ಲ. ಅಂದರೆ ಛತ್ರದವನು ಬಂದು ನಷ್ಟದ ದುಡ್ಡು ಕೇಳಿದಾಗ ಗೊತ್ತಾಗುತ್ತದೆ ಅಂತ ತಾನೇ ಬಿಡಿಸಿ ಹೇಳುತ್ತಾನೆ. ಸೆರ್ವಾಂಟಿಸ್ ಗಾದೆಯ ಪಕ್ಕದಲ್ಲೇ ಅದರ ಅರ್ಥವನ್ನೂ ಇಟ್ಟಿದ್ದಾನೆ. ಅನುವಾದ ಮಾಡುವವರಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು?

ಆದರೂ 1700ರ ಸುಮಾರಿಗೆ ಪೀಟರ್ ಮೊಟ್ಯೂ ಇಂಗ್ಲಿಷಿಗೆ ತಂದಾಗ ಮೊಟ್ಟೆ ಮಾಯವಾಯಿತು. ಅದರ ಜಾಗಕ್ಕೆ ಪುಡ್ಡಿಂಗ್ ಬಂತು. ಪುಡ್ಡಿಂಗಿನ ರುಚಿ ತಿಂದಾಗಲೇ ಗೊತ್ತು ಅನ್ನುವ ಇಂಗ್ಲಿಷ್ ಗಾದೆ. ಅದರಿಂದ ಆದದ್ದೇನು ಗೊತ್ತಾ? ಪುಡ್ಡಿಂಗಿನ ಗಾದೆ ಸೆರ್ವಾಂಟಿಸ್‌ನದು ಅಂತ ಇವತ್ತಿಗೂ ಸೂಕ್ತಿ ಸಂಗ್ರಹಗಳಲ್ಲಿ ಅಚ್ಚಾಗುತ್ತಿದೆ. ಆತ ಬರೆದದ್ದು ಮೊಟ್ಟೆ. 1885ರಲ್ಲಿ ಜಾನ್ ಆರ್ಮ್ಸ್‌ಬಿ ಮತ್ತೆ ಅನುವಾದ ಮಾಡಿದ. ಮೊಟ್ಟೆಯನ್ನು ವಾಪಸ್ ತಂದ. ಮುನ್ನುಡಿಯಲ್ಲಿ ಮೊಟ್ಯೂಗೆ ಚೆನ್ನಾಗಿ ಬಾರಿಸಿದ್ದಾನೆ ಕೂಡ.

ಹಾಗಾಗಿ ನಿಮ್ಮ ಸಿಗಡಿಯನ್ನು ಬಿಡಬೇಡಿ. ನೋಡುವವನಿಗೆ ಕಣ್ಣೆದುರೇ ಬಲೆ ಇದೆ, ದೋಣಿ ಇದೆ. ಅರ್ಥ ತಾನಾಗಿ ಹೊಳೆಯುತ್ತದೆ.

ಜಾಹೀರಾತು_ಬರಹ

ಮೇಷ್ಟ್ರೇ, ಗೌರವದಿಂದಲೇ ಒಪ್ಪುವುದಿಲ್ಲ. ಪುಸ್ತಕ ಓದುವವರಿಗೆ ನಿಂತು ಯೋಚಿಸಲು ಪುರಸೊತ್ತು ಇರುತ್ತದೆ. ಸಬ್‌ಟೈಟಲ್ ನೋಡುವವರಿಗೆ, ಜಾಹೀರಾತು ನೋಡುವವರಿಗೆ ಇರುವುದಿಲ್ಲ. ನಮ್ಮ ಕೆಲಸದಲ್ಲಿ ಪದ ಮುಖ್ಯವಲ್ಲ, ಕೇಳಿದವನಿಗೆ ಏನು ಅನ್ನಿಸಿತು ಎಂಬುದು ಮುಖ್ಯ.

1993ರಲ್ಲಿ ಕ್ಯಾಲಿಫೋರ್ನಿಯಾದ ಹಾಲು ಸಂಸ್ಕರಣಾ ಮಂಡಳಿ 'ಗಾಟ್ ಮಿಲ್ಕ್?' ಅಂತ ಪ್ರಚಾರ ಶುರು ಮಾಡಿತು. ಇಂಗ್ಲಿಷ್‌ನಲ್ಲಿ ಎರಡೇ ಪದ, ಭಾರಿ ಹಿಟ್. ಸ್ಪ್ಯಾನಿಷ್‌ಗೆ ನೇರವಾಗಿ ತಂದರೆ 'ತಿಯೇನೆ ಲೇಚೆ?' ಆಗುತ್ತದೆ. ಅದನ್ನು ಹೆಂಗಸರಿಗೆ ಕೇಳಿದರೆ 'ನಿಮಗೆ ಎದೆಹಾಲು ಬರುತ್ತಿದೆಯಾ' ಅನ್ನುವ ಅರ್ಥವೂ ಬಂದುಬಿಡುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮ. ಮನೆಯಲ್ಲಿ ಹಾಲು ಖಾಲಿ ಆಯಿತು ಅನ್ನುವುದೇ ಆ ಜಾಹೀರಾತಿನ ತಮಾಷೆ. ಮಕ್ಕಳಿಗೆ ಹಾಲಿಲ್ಲ ಅನ್ನುವುದು ಅಲ್ಲಿನ ಲ್ಯಾಟಿನೊ ತಾಯಂದಿರಿಗೆ ತಮಾಷೆ ಆಗಿರಲಿಲ್ಲ. ಹಾಗಾಗಿ ಪೂರಾ ಬೇರೆಯೇ ಸಾಲು ಬರೆದರು. 'ನೀವು ಇವತ್ತು ಅವರಿಗೆ ಸಾಕಷ್ಟು ಹಾಲು ಕೊಟ್ಟಿರಾ?' ಅನ್ನುವ ಅರ್ಥದ್ದು. ಅಜ್ಜಿ, ಅಮ್ಮ, ಅಡುಗೆಮನೆ, ಮನೆತನದ ತಿನಿಸು, ಹೀಗೆ ಎಲ್ಲ ಬದಲಾಯಿತು. ಇಂಗ್ಲಿಷ್ ಸಾಲಿನ ಒಂದು ಪದವೂ ಉಳಿಯಲಿಲ್ಲ. ನನ್ನ ಕಣ್ಣಿಗೆ ಅದೇ ಒಳ್ಳೆ ಅನುವಾದ.

ಷೆವ್ರೊಲೆ ನೋವಾ ಕಾರಿನ ಕಥೆಯೂ ಇದೆಯಲ್ಲ. 'ನೊ ವಾ' ಅಂದರೆ ಸ್ಪ್ಯಾನಿಷ್‌ನಲ್ಲಿ 'ಹೋಗುವುದಿಲ್ಲ', ಅದಕ್ಕೇ ಆ ಕಾರು ಅಲ್ಲಿ ಮಾರಾಟವೇ ಆಗಲಿಲ್ಲ.

ಸ್ಪ್ಯಾನಿಷ್_ಟೀಚರ್_ಮೈಸೂರು

ಹಾಲಿನ ಉದಾಹರಣೆ ಚೆನ್ನಾಗಿದೆ ಸರ್. ನೋವಾ ಕಥೆ ಮಾತ್ರ ನಿಜವಲ್ಲ. ಮ್ಯಾನೇಜ್‌ಮೆಂಟ್ ಪಾಠಗಳಲ್ಲೆಲ್ಲ ಓಡಾಡುತ್ತದೆ, ಆದರೂ ಸುಳ್ಳು. ಆ ಕಾರು ಮೆಕ್ಸಿಕೋ, ವೆನೆಜುವೆಲಾಗಳಲ್ಲಿ ಚೆನ್ನಾಗಿಯೇ ಮಾರಾಟವಾಗಿತ್ತು. 'ನೋವಾ' ಅನ್ನುವಾಗ ಒತ್ತು ಮೊದಲ ಅಕ್ಷರಕ್ಕೆ, 'ನೊ ವಾ' ಅನ್ನುವಾಗ ಕೊನೆಗೆ. ಸ್ಪ್ಯಾನಿಷ್ ಕಿವಿಗೆ ಎರಡೂ ಬೇರೆ ಬೇರೆ. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ 'ನೋವಾ' ಹೆಸರಿನಲ್ಲೇ ಪೆಟ್ರೋಲ್ ಮಾರುತ್ತಿತ್ತು. ಯಾರೂ ಬಂಕಿನಿಂದ ವಾಪಸ್ ಹೋಗಲಿಲ್ಲ. ನಿಜವಾದ ಉದಾಹರಣೆ ಬೇಕಿದ್ದರೆ ಮಿತ್ಸುಬಿಷಿ ಪಜೇರೊ ಇದೆ. ನಮ್ಮ ರಸ್ತೆಗಳಲ್ಲಿ ಪಜೇರೊ ಅಂತಲೇ ಓಡಿತು. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಅದರ ಹೆಸರು 'ಮೊಂತೇರೊ'. 'ಪಜೇರೊ' ಅನ್ನುವ ಪದ ಅಲ್ಲಿ ಬೈಗುಳ, ಇಲ್ಲಿ ಬಿಡಿಸಿ ಬರೆಯುವ ಹಾಗಿಲ್ಲ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನುಡಿಗಟ್ಟು ಅಂದರೆ ಎಲ್ಲರೂ ಸಿಗಡಿ, ಮೊಟ್ಟೆ, ಬೆಕ್ಕು ಅಂತ ಬಣ್ಣದ ಮಾತುಗಳ ಹಿಂದೆ ಹೋಗುತ್ತಾರೆ. ಅವು ಕಣ್ಣಿಗೆ ಕಾಣುತ್ತವೆ, ಹಾಗಾಗಿ ಎಚ್ಚರ ಇರುತ್ತದೆ. ಕಷ್ಟ ಇರುವುದು ಬಣ್ಣವೇ ಇಲ್ಲದ ದಿನನಿತ್ಯದ ಮಾತಿನಲ್ಲಿ. ಅಲ್ಲಿ ನಾವು ಕನ್ನಡದವರು ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವುದು ಸುತ್ತು ದಾರಿ.

'ಮೆ ಗುಸ್ತಾ ಎಲ್ ಕಫೆ' ತೆಗೆದುಕೊಳ್ಳಿ. ಇಂಗ್ಲಿಷ್‌ನಲ್ಲಿ 'ಐ ಲೈಕ್ ಕಾಫಿ'. ನಾನು ಅನ್ನುವವನು ಮುಂದೆ ನಿಂತಿದ್ದಾನೆ. ಸ್ಪ್ಯಾನಿಷ್‌ನಲ್ಲಿ ಮುಂದೆ ನಿಂತಿರುವುದು ಕಾಫಿ. ನಾನು ಬರೀ 'ನನಗೆ'. ಇಂಗ್ಲಿಷ್ ಮಾತ್ರ ಬಲ್ಲ ವಿದ್ಯಾರ್ಥಿಗಳು ಇದರಲ್ಲಿ ವಾರಗಟ್ಟಲೆ ಒದ್ದಾಡುತ್ತಾರೆ. ಕನ್ನಡದ ಮಕ್ಕಳಿಗೆ 'ನನಗೆ ಕಾಫಿ ಇಷ್ಟ' ಅಂದರೆ ಮುಗಿಯಿತು. 'ಮೆ ದ್ವೇಲೆ ಲಾ ಕಬೇಸಾ' ನಮ್ಮ 'ನನಗೆ ತಲೆ ನೋಯುತ್ತಿದೆ'. 'ಯೊವೆರ್ ಆ ಕಾಂತಾರೊಸ್' ಅಂದರೆ ಕೊಡಗಟ್ಟಲೆ ಮಳೆ ಸುರಿಯುವುದು. ನಮ್ಮಲ್ಲಿ ಕುಂಭದ್ರೋಣ ಮಳೆ. ಎರಡೂ ಕಡೆ ಆಕಾಶದಿಂದ ಬೀಳುವುದು ಕೊಡದ ನೀರೇ. ಇಂಗ್ಲಿಷ್‌ನಲ್ಲಿ ಮಾತ್ರ ನಾಯಿ ಬೆಕ್ಕು ಬೀಳುತ್ತವೆ. 'ಉಸ್ತೆದ್' ಮತ್ತು 'ತು' ನಮ್ಮ 'ನೀವು' ಮತ್ತು 'ನೀನು'. ಕೊಲಂಬಿಯಾದ ಕೆಲವು ಕಡೆ ಗಂಡ ಹೆಂಡತಿಯೂ ಉಸ್ತೆದ್ ಅನ್ನುವುದುಂಟು. ಅಂಥ ದೃಶ್ಯದಲ್ಲಿ ಒಬ್ಬ ಹುಡುಗ ಉಸ್ತೆದ್ ಬಿಟ್ಟು ತು ಅಂದರೆ ಏನೋ ನಡೆದಿದೆ ಅಂತ ಕನ್ನಡದವರಿಗೆ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎರಡೂ ಒಂದೇ 'ಯು'. ಅಲ್ಲಿ ಹೆಸರು ಹಿಡಿದು ಕರೆಸಬೇಕು, ಇಲ್ಲವೇ 'ಸರ್' ತೆಗೆಯಬೇಕು. ಪಟ್ಟಿಯಲ್ಲಿ ಇದಕ್ಕೆ ಸಾಲು ಇರುವುದಿಲ್ಲ.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು 'ಸೆ ಮೆ ಕಯೊ ಎಲ್ ವಾಸೊ'. ಕೈಜಾರಿ ಲೋಟ ಬಿತ್ತು. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ 'ಐ ಡ್ರಾಪ್ಡ್ ದ ಗ್ಲಾಸ್' ಅನ್ನುತ್ತಾರೆ. ಬೀಳಿಸಿದ್ದು ನಾನು. ಸ್ಪ್ಯಾನಿಷ್‌ನಲ್ಲಿ ಲೋಟವೇ ಬಿತ್ತು, ನನಗೆ ಹಾಗಾಯಿತು ಅಷ್ಟೆ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ ಎಂಬ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಎರಡೂ ಭಾಷೆಯವರಿಗೆ ಒಂದೇ ವಿಡಿಯೊಗಳನ್ನು ತೋರಿಸಿದರು. ಬೇಕಂತಲೇ ಮಾಡಿದ ಕೆಲಸವನ್ನು ಯಾರು ಮಾಡಿದರು ಅಂತ ಇಬ್ಬರೂ ಒಂದೇ ರೀತಿ ನೆನಪಿಟ್ಟುಕೊಂಡರು. ಅಚಾನಕ್ ಆದದ್ದನ್ನು ಯಾರಿಂದ ಆಯಿತು ಅಂತ ಇಂಗ್ಲಿಷ್‌ನವರು ಜಾಸ್ತಿ ನೆನಪಿಟ್ಟುಕೊಂಡಿದ್ದರು.

ಈಗ ಲೋಟದ ಜಾಗದಲ್ಲಿ ಪಿಸ್ತೂಲ್ ಇಡಿ. 'ಸೆ ಮೆ ದಿಸ್ಪಾರೊ ಲಾ ಪಿಸ್ತೋಲಾ'. ನನ್ನ ಕೈಯಲ್ಲಿದ್ದಾಗ ಪಿಸ್ತೂಲು ತಾನಾಗಿ ಹಾರಿತು. ದುಭಾಷಿ ಇದನ್ನು 'ಐ ಫೈರ್ಡ್ ದ ಗನ್' ಅಂದರೆ? ಆ ಮನುಷ್ಯ ಹೇಳದ ತಪ್ಪೊಪ್ಪಿಗೆ ಕೋರ್ಟಿನ ದಾಖಲೆ ಸೇರುತ್ತದೆ. ಅಮೆರಿಕದಲ್ಲಿ 1978ರಲ್ಲೇ ಕೋರ್ಟ್ ದುಭಾಷಿಗಳಿಗೆ ಅಂತ ಫೆಡರಲ್ ಕಾಯ್ದೆ ಬಂತು. ಸ್ಪ್ಯಾನಿಷ್‌ಗೆ ಬರಹದ ಪರೀಕ್ಷೆ, ಮಾತಿನ ಪರೀಕ್ಷೆ ಎರಡೂ ಇವೆ. ಇಂಥ ಪುಟ್ಟ 'ಸೆ ಮೆ' ಗೊತ್ತಿರಬೇಕು ಅಂತಲೇ ಅವೆಲ್ಲ ಇರುವುದು.

ಡಾಕ್ಟರ್_ಟೆಕ್ಸಾಸ್

ಟೀಚರ್ ಹೇಳಿದ್ದಕ್ಕೆ ಆಸ್ಪತ್ರೆ ಕಡೆಯಿಂದ ಸೇರಿಸುತ್ತೇನೆ. ನನ್ನ ರೋಗಿಗಳಲ್ಲಿ ತುಂಬಾ ಜನ ಸ್ಪ್ಯಾನಿಷ್ ಮಾತಾಡುವವರು. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರು 4 ಕೋಟಿಗೂ ಹೆಚ್ಚು.

ನಮ್ಮ ತರಬೇತಿಯಲ್ಲಿ ಎಲ್ಲರಿಗೂ ಹೇಳುವ ಒಂದು ಪ್ರಕರಣ ಇದೆ. 1980, ಫ್ಲೋರಿಡಾ. 18 ವರ್ಷದ ಹುಡುಗನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಕರೆತಂದರು. ಕ್ಯೂಬಾ ಮೂಲದ ಕುಟುಂಬ. ಅವನು 'ಇಂತೊಕ್ಸಿಕಾದೊ' ಆಗಿದ್ದಾನೆ ಅಂದರು. ಕ್ಯೂಬಾದವರ ಮಾತಿನಲ್ಲಿ ಅದರ ಅರ್ಥ ತಿಂದದ್ದೋ ಕುಡಿದದ್ದೋ ಮೈಗೆ ಆಗಿಬರಲಿಲ್ಲ ಅಂತ. ತಿಂದ ಬರ್ಗರ್‌ನಿಂದ ಹೀಗಾಗಿದೆ ಅಂತ ಅವರ ಅನುಮಾನ. ವೈದ್ಯರ ಕಿವಿಗೆ ಬಿದ್ದದ್ದು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್'. ಮಾದಕ ವಸ್ತು ಜಾಸ್ತಿಯಾಗಿದೆ ಅಂತ ಅದಕ್ಕೇ ಚಿಕಿತ್ಸೆ ಕೊಟ್ಟರು. ನಿಜಕ್ಕೂ ಆಗಿದ್ದದ್ದು ಮಿದುಳಿನಲ್ಲಿ ರಕ್ತಸ್ರಾವ. ಹುಡುಗನಿಗೆ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಪರಿಹಾರದ ಮೊತ್ತ ಸುಮಾರು 7 ಕೋಟಿ 10 ಲಕ್ಷ ಡಾಲರ್ ಅಂತ ಬರೆದಿರುವುದನ್ನು ಎಲ್ಲ ಕಡೆ ನೋಡುತ್ತೀರಿ. ನನ್ನನ್ನು ಕಾಡುವುದು ಆ ದುಡ್ಡಲ್ಲ. ಅವತ್ತು ಯಾರೂ ದುಭಾಷಿಯನ್ನು ಕರೆಯಲೇ ಇಲ್ಲ. ಎರಡೂ ಕಡೆಯವರಿಗೆ ತಮ್ಮ ಮಾತು ಅರ್ಥವಾಗಿದೆ ಅಂತ ನಂಬಿಕೆ ಇತ್ತು.

ಒಂದೇ ಥರ ಕೇಳಿಸುವ ಪದಗಳು ಇನ್ನೂ ಇವೆ. 'ಕೊನ್ಸ್ತಿಪಾದೊ' ಅಂತ ಸ್ಪೇನಿನವರು ಅಂದರೆ ನೆಗಡಿ, ಮಲಬದ್ಧತೆ ಅಲ್ಲ. 'ಎಂಬರಸಾದಾ' ಅಂದರೆ ಬಸುರಿ, ಮುಜುಗರ ಅಲ್ಲ. ಔಷಧದ ಚೀಟಿಯಲ್ಲಿ ಇನ್ನೊಂದು ಅಪಾಯ. ದಿನಕ್ಕೆ ಒಂದು ಸಲ ಅನ್ನಲು ಇಂಗ್ಲಿಷ್‌ನಲ್ಲಿ ಬರೆಯುವ 'ವನ್ಸ್' ಪದದ ಅಕ್ಷರಗಳನ್ನೇ ಸ್ಪ್ಯಾನಿಷ್‌ನಲ್ಲಿ ಓದಿದರೆ 'ಒನ್ಸೆ'. ಅಂದರೆ 11. ಉಳಿದದ್ದೆಲ್ಲ ಸ್ಪ್ಯಾನಿಷ್‌ನಲ್ಲಿದ್ದು ಇದೊಂದು ಪದ ಇಂಗ್ಲಿಷ್‌ನಲ್ಲಿ ಉಳಿದರೆ ಏನಾಗಬಹುದು ಯೋಚಿಸಿ.

ಮನೆಯ ಮಕ್ಕಳೇ ಅಪ್ಪ ಅಮ್ಮನಿಗೆ ದುಭಾಷಿ ಆಗುವುದನ್ನು ಇಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹತ್ತು ವರ್ಷದ ಹುಡುಗಿ ಅಮ್ಮನ ಹೊಟ್ಟೆನೋವಿನ ವಿವರ ಹೇಳುವುದು. 2016ರ ಫೆಡರಲ್ ನಿಯಮ ತುರ್ತು ಸ್ಥಿತಿ ಬಿಟ್ಟು ಬೇರೆ ಕಡೆ ಮಕ್ಕಳನ್ನು ಹೀಗೆ ಬಳಸಬಾರದು ಅಂತ ಹೇಳಿತು. ಬರಲೇಬೇಕಿದ್ದ ನಿಯಮ. ಜಾಹೀರಾತು ಸರ್ ಹೇಳುವ ಸ್ವಾತಂತ್ರ್ಯ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ ನುಡಿಗಟ್ಟಿಗೆ ನುಡಿಗಟ್ಟು ಹುಡುಕುವುದೇ ತಪ್ಪು. ಅರ್ಥ ಬಿಡಿಸಿ ಹೇಳಬೇಕು, ಅನುಮಾನ ಇದ್ದರೆ ರೋಗಿಯನ್ನು ಇನ್ನೊಮ್ಮೆ ಕೇಳಬೇಕು.

ಜಾಹೀರಾತು_ಬರಹ

ನೋವಾ ವಿಷಯ ತಿದ್ದಿದ್ದಕ್ಕೆ ಧನ್ಯವಾದ ಮೇಡಂ. ಡಾಕ್ಟರ್ ಮಾತನ್ನೂ ಒಪ್ಪಿದೆ, ಆಸ್ಪತ್ರೆ ಬೇರೆ, ಟಿವಿ ಬೇರೆ.

ಆದರೆ ಸಿನಿಮಾದಲ್ಲಿ ನನ್ನ ಮಾತಿಗೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. 1991ರ 'ಟರ್ಮಿನೇಟರ್ 2'. ಇಂಗ್ಲಿಷ್ ಸಿನಿಮಾದಲ್ಲಿ ಅರ್ನಾಲ್ಡ್ ಸ್ಪ್ಯಾನಿಷ್‌ನಲ್ಲಿ 'ಆಸ್ತಾ ಲಾ ವಿಸ್ತಾ, ಬೇಬಿ' ಅನ್ನುತ್ತಾನೆ. ಇಂಗ್ಲಿಷ್ ಪ್ರೇಕ್ಷಕರಿಗೆ ಮಜಾ ಕೊಟ್ಟದ್ದು ಅದು ಬೇರೆ ಭಾಷೆಯ ಮಾತು ಎಂಬುದೇ. ಸ್ಪೇನಿಗೆ ಡಬ್ ಮಾಡುವಾಗ ಅದೇ ಮಾತು ಇಟ್ಟರೆ ಅಲ್ಲಿ ಬರೀ 'ಮತ್ತೆ ಸಿಗೋಣ'. ಅದಕ್ಕೆ ಅಲ್ಲಿ 'ಸಾಯೊನಾರಾ, ಬೇಬಿ' ಮಾಡಿದರು. ಸ್ಪ್ಯಾನಿಷ್ ಪದವನ್ನು ಸ್ಪ್ಯಾನಿಷ್‌ಗೆ ತರಲು ಜಪಾನಿ ಬೇಕಾಯಿತು. ಪದಕ್ಕೆ ನಿಷ್ಠೆ ಇಟ್ಟುಕೊಂಡಿದ್ದರೆ ಇದು ಹೊಳೆಯುತ್ತಿತ್ತಾ?

ಮಯಾಮಿ_ಮಲ್ಲಿಗೆ

ನಾನು ಮಯಾಮಿಯಲ್ಲಿದ್ದೇನೆ. ಇಲ್ಲಿನ ಇಂಗ್ಲಿಷ್ ಬಗ್ಗೆ ಒಂದು ಖುಷಿಯ ಸಂಗತಿ ಹೇಳಲೇಬೇಕು.

ಭಾರತದಿಂದ ಬಂದ ಹೊಸತರಲ್ಲಿ ನಾವು 'ಗೆಟ್ ಡೌನ್ ಫ್ರಮ್ ದ ಬಸ್' ಅಂದರೆ ಅಮೆರಿಕದ ಬೇರೆ ಊರುಗಳಲ್ಲಿ ನಗುತ್ತಾರೆ. ಅವರ ಪ್ರಕಾರ 'ಗೆಟ್ ಆಫ್' ಅನ್ನಬೇಕು. ನಮ್ಮದು 'ಬಸ್ಸಿನಿಂದ ಇಳಿ' ಇಂಗ್ಲಿಷ್ ಬಟ್ಟೆ ಹಾಕಿಕೊಂಡು ಬಂದದ್ದು. ಮಯಾಮಿಯಲ್ಲಿ ಯಾರೂ ನಗುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದವರೇ 'ಗೆಟ್ ಡೌನ್ ಫ್ರಮ್ ದ ಕಾರ್' ಅನ್ನುತ್ತಾರೆ. ಅವರದು ಸ್ಪ್ಯಾನಿಷ್‌ನ 'ಬಹಾರ್ಸೆ ದೆಲ್ ಕಾರೊ'ದಿಂದ ಬಂದದ್ದು. 'ಮೇಕ್ ಎ ಪಾರ್ಟಿ', 'ಮ್ಯಾರೀಡ್ ವಿತ್' ಇವೂ ಹಾಗೇ. ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಭಾಷಾ ಸಂಶೋಧಕರು ಇದನ್ನು ದಾಖಲಿಸಿದ್ದಾರೆ. ಕ್ಯೂಬಾದಿಂದ ಬಂದವರ ಮಕ್ಕಳು ಇಂಗ್ಲಿಷನ್ನೇ ಮೊದಲ ಭಾಷೆಯಾಗಿ ಆಡುವಾಗಲೂ ಈ ಮಾತುಗಳು ಉಳಿದಿವೆ. ಅವು ಈಗ ಮಯಾಮಿ ಇಂಗ್ಲಿಷ್‌ನ ಸ್ವಂತ ಮಾತುಗಳು.

ಉಲ್ಟಾ ದಾರಿಯೂ ಇದೆ. ಇಲ್ಲಿನ ಸ್ಪ್ಯಾನಿಷ್‌ನಲ್ಲಿ 'ತೆ ಯಾಮೊ ಪಾತ್ರಾಸ್' ಕೇಳಿಸುತ್ತದೆ. ಇಂಗ್ಲಿಷ್‌ನ 'ಕಾಲ್ ಯು ಬ್ಯಾಕ್' ಪದ ಪದಕ್ಕೆ. ಮ್ಯಾಡ್ರಿಡ್‌ನ ಟೀಚರ್ ಕೇಳಿದರೆ ತಪ್ಪು ಅನ್ನುತ್ತಾರೆ. ನಾನು ತಪ್ಪು ಅನ್ನಲಾರೆ. ಎರಡು ಭಾಷೆಯಲ್ಲಿ ಬದುಕುವವರ ಬಾಯಲ್ಲಿ ಹೀಗೇ ಆಗುವುದು. ಇಂಗ್ಲಿಷ್‌ನಲ್ಲಿ 'ಮೊಮೆಂಟ್ ಆಫ್ ಟ್ರೂತ್' ಅಂತ ಎಲ್ಲರೂ ಸಲೀಸಾಗಿ ಬಳಸುತ್ತಾರಲ್ಲ, ಅದೂ ಸ್ಪೇನಿನ ಗೂಳಿ ಕಾಳಗದ ಅಖಾಡದಿಂದ ಬಂದದ್ದು. ಹೆಮಿಂಗ್ವೇ 1932ರಲ್ಲಿ ಗೂಳಿ ಕಾಳಗದ ಬಗ್ಗೆ ಬರೆದ ಪುಸ್ತಕದಿಂದ ಇಂಗ್ಲಿಷ್ ಓದುಗರಿಗೆ ಪರಿಚಯವಾಯಿತು. ಅವತ್ತು ಯಾರಾದರೂ 'ಇಂಗ್ಲಿಷ್‌ನಲ್ಲಿ ಹೀಗೆ ಯಾರೂ ಹೇಳುವುದಿಲ್ಲ' ಅಂತ ಹೊಡೆದು ಹಾಕಿದ್ದರೆ ಇವತ್ತು ಆ ಮಾತೇ ಇರುತ್ತಿರಲಿಲ್ಲ. ಸಬ್‌ಟೈಟಲ್ ಅಕ್ಕ, ಇದನ್ನು ನಿಮ್ಮ ರಿವ್ಯೂ ಮಾಡುವವರಿಗೆ ಹೇಳಿ ನೋಡಿ.

ಕಲಿಯುವವ_ಹುಬ್ಬಳ್ಳಿ

ನಾನು ಹೊಸಬ, ಸ್ಪ್ಯಾನಿಷ್ ಭಾಷೆಯ ಡೆಲೆ ಪರೀಕ್ಷೆಯ ಬಿ1 ಹಂತಕ್ಕೆ ಓದುತ್ತಿದ್ದೇನೆ. ನುಡಿಗಟ್ಟುಗಳನ್ನು ಬಾಯಿಪಾಠ ಮಾಡಲು ಕೂತರೆ ಒಂದೊಂದು ದೇಶದ್ದು ಒಂದೊಂದು. ಯಾವುದನ್ನು ಕಲಿಯಬೇಕು? ಎಲ್ಲಾದರೂ ಒಂದೇ ಕಡೆ ಸಿಗುತ್ತವಾ?

ಸ್ಪ್ಯಾನಿಷ್_ಟೀಚರ್_ಮೈಸೂರು

ಗಾದೆಗಳಿಗೆ, ಸ್ಪ್ಯಾನಿಷ್ ಕಲಿಸುವ ಸೆರ್ವಾಂಟಿಸ್ ಸಂಸ್ಥೆಯ ಆನ್‌ಲೈನ್ ತಾಣದಲ್ಲಿ 'ರೆಫ್ರಾನೇರೊ ಮುಲ್ತಿಲಿಂಗ್ವೆ' ಅನ್ನುವ ಬಹುಭಾಷಾ ಗಾದೆ ಸಂಗ್ರಹ ಇದೆ. ಒಂದೊಂದು ಸ್ಪ್ಯಾನಿಷ್ ಗಾದೆಗೆ ಅರ್ಥ, ಬಳಕೆ ಇನ್ನೂ ಇದೆಯಾ ಇಲ್ವಾ, ಬೇರೆ ಭಾಷೆಗಳಲ್ಲಿ ಸಮಾನವಾದದ್ದು ಏನು, ಎಲ್ಲ ಕೊಟ್ಟಿದ್ದಾರೆ. ಬಳಕೆ ಇದೆಯಾ ಅನ್ನುವುದನ್ನು ಮೊದಲು ನೋಡಿ. ಪುಸ್ತಕದಲ್ಲಿ ಮಾತ್ರ ಉಳಿದ ಗಾದೆಯನ್ನು ಇಪ್ಪತ್ತರ ಹುಡುಗನ ಬಾಯಲ್ಲಿ ಇಟ್ಟರೆ ಕೆಡುತ್ತದೆ.

ದೇಶದ ವಿಷಯ. ಬಾಯಿಪಾಠ ಮಾಡುವ ಮೊದಲು ಪಕ್ಕದಲ್ಲಿ ದೇಶದ ಹೆಸರು ಬರೆದುಕೊಳ್ಳಿ. ಸ್ಪ್ಯಾನಿಷ್ 20 ದೇಶಗಳಲ್ಲಿ ಅಧಿಕೃತ ಭಾಷೆ, ಒಂದೇ ಪದ ಗಡಿ ದಾಟಿದರೆ ಬೇರೆ. 'ಗ್ವಾಗ್ವಾ' ಕ್ಯೂಬಾದಲ್ಲಿ, ಕೆನರಿ ದ್ವೀಪಗಳಲ್ಲಿ ಬಸ್ಸು. ಚಿಲಿಯಲ್ಲಿ ಕೂಸು. ಸ್ಪೇನಿನಲ್ಲಿ ಬಸ್ ಹಿಡಿಯಲು 'ಕೊಹೆರ್' ಅನ್ನುತ್ತಾರೆ, ಮೆಕ್ಸಿಕೋ ಅಥವಾ ಅರ್ಜೆಂಟೀನಾದಲ್ಲಿ ಅದನ್ನು ಬಾಯಿ ತಪ್ಪಿಯೂ ಹೇಳಬೇಡಿ, ಅಶ್ಲೀಲ. ಮೆಕ್ಸಿಕೋದ 'ಆಓರಿತಾ' ಈಗಲೇ, ಇನ್ನೊಂದು ಸ್ವಲ್ಪ ಹೊತ್ತು, ಯಾವಾಗಲೋ, ಈ ಮೂರರಲ್ಲಿ ಯಾವುದೂ ಆಗಬಹುದು. ನಮ್ಮ 'ಬಂದೆ ಬಂದೆ' ಇದ್ದ ಹಾಗೆ, ದನಿ ಕೇಳಿ ತಿಳಿದುಕೊಳ್ಳಬೇಕು. ಇಂಗ್ಲಿಷ್‌ಗೆ ತರುವಾಗ ಆ ಮನುಷ್ಯ ಮುಂದೆ ಏನು ಮಾಡಿದ ಅಂತ ನೋಡಿ ಆಮೇಲೆ ಬರೆಯಿರಿ.

ಸಬ್‌ಟೈಟಲ್_ಬೆಂಗಳೂರು

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೊಟ್ಟೆ-ಪುಡ್ಡಿಂಗ್ ಕಥೆಯನ್ನು ನಮ್ಮ ರಿವ್ಯೂ ಮಾಡುವವರಿಗೆ ಕಳಿಸಿದೆ. ಓದುತ್ತೇನೆ ಅಂದಿದ್ದಾರೆ.

ಇನ್ನೊಂದು ಸಾಲು ಕೇಳಲಾ? ಅದೇ ಧಾರಾವಾಹಿ, ಬೇರೆ ಕಂತು. ಇಬ್ಬರು ಹೆಂಗಸರು ಊರಿನ ಪಾದ್ರಿಯ ಬಗ್ಗೆ ಮಾತಾಡುತ್ತಿದ್ದಾರೆ. ಅಷ್ಟರಲ್ಲಿ ಅವರೇ ಒಳಗೆ ಬರುತ್ತಾರೆ. ಒಬ್ಬಳು 'ಅಬ್ಲಾಂದೊ ದೆಲ್ ರೆಯ್ ದೆ ರೋಮಾ' ಅನ್ನುತ್ತಾಳೆ. ಪೂರ್ತಿ ಗಾದೆಯಲ್ಲಿ ರೋಮಿನ ರಾಜನ ಮಾತು ಎತ್ತಿದರೆ ಬಾಗಿಲಲ್ಲೇ ಕಾಣಿಸುತ್ತಾನೆ. ಪಟ್ಟಿಯಲ್ಲಿ 'ಸ್ಪೀಕ್ ಆಫ್ ದ ಡೆವಿಲ್'. ಬಂದವರು ಪಾದ್ರಿ! ಇಂಗ್ಲಿಷ್‌ನಲ್ಲಿ ಅದು ಬೇಕಂತ ಮಾಡಿದ ಜೋಕ್ ಆಗಿಬಿಡುತ್ತದೆ. ದೃಶ್ಯದಲ್ಲಿ ಜೋಕ್ ಇಲ್ಲ. ಅವಳಿಗೆ ಅವರ ಮೇಲೆ ಗೌರವ ಇದೆ.

ಹಳೆ_ಮೇಷ್ಟ್ರು_ಧಾರವಾಡ

ನಮ್ಮಲ್ಲಾದರೆ 'ನೆನೆದವರ ಮನದಲ್ಲಿ' ಅನ್ನುತ್ತಿದ್ದೆವು, ಇಲ್ಲವೇ 'ನಿಮಗೆ ನೂರು ವರ್ಷ ಆಯುಷ್ಯ' ಅಂತ ಹರಸುತ್ತಿದ್ದೆವು. ಪಾದ್ರಿಗೆ ಅದು ಸರಿಹೋಗುತ್ತಿತ್ತು. ಸ್ಪ್ಯಾನಿಷ್ ಗಾದೆಯ ಹಳೆಯ ರೂಪದಲ್ಲಿ ರಾಜನ ಜಾಗದಲ್ಲಿ 'ರುಯಿನ್' ಇತ್ತು, ನೀಚ ಅಂತ ಅರ್ಥ. ಆಮೇಲೆ ಬಾಯಿಂದ ಬಾಯಿಗೆ ರಾಜನಾದ. ಇವತ್ತು ಆ ಕಹಿ ಇಲ್ಲ. ಹಾಗಾಗಿ ಡೆವಿಲ್ ಇಲ್ಲಿ ಬೇಡವೇ ಬೇಡ. ರೋಮಿನ ರಾಜನನ್ನು ಇಟ್ಟರೆ ಪೋಪ್ ಅಂದುಕೊಂಡು ಇನ್ನೊಂದು ಗೊಂದಲ.

ಜಾಹೀರಾತು_ಬರಹ

'ವಿ ವರ್ ಜಸ್ಟ್ ಟಾಕಿಂಗ್ ಅಬೌಟ್ ಯು, ಫಾದರ್.' ನುಡಿಗಟ್ಟು ಬೇಡ. ಎರಡು ಸಾಲಿನೊಳಗೆ ಆರಾಮಾಗಿ ಕೂರುತ್ತದೆ. 'ಫಾದರ್' ಅನ್ನುವುದರಲ್ಲಿ ಗೌರವ ಬಂತು.

ಸ್ಪ್ಯಾನಿಷ್_ಟೀಚರ್_ಮೈಸೂರು

ಅರ್ಥ ಸರಿ ಸರ್. ಆದರೆ ಅವಳು ಅದನ್ನು ಪಾದ್ರಿಗೆ ಹೇಳಿದಳಾ, ಪಕ್ಕದವಳಿಗೆ ಹೇಳಿದಳಾ? ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದರೆ ನಿಮ್ಮ ಸಾಲು ಹೊಂದುವುದಿಲ್ಲ, 'ಆ್ಯಂಡ್ ಹಿಯರ್ ಹೀ ಈಸ್' ಸಾಕು.

ಸಬ್‌ಟೈಟಲ್_ಬೆಂಗಳೂರು

ಪಕ್ಕದವಳಿಗೇ. ಮೊಣಕೈಯಿಂದ ತಿವಿದು ಹೇಳುತ್ತಾಳೆ. 'ಆ್ಯಂಡ್ ಹಿಯರ್ ಹೀ ಈಸ್' ಹಾಕುತ್ತೇನೆ. ಮುಂದಿನ ವಾರ ಕೊಲಂಬಿಯಾದ ಧಾರಾವಾಹಿ ಶುರು. ಮೊದಲ ದೃಶ್ಯದಲ್ಲೇ ಆಫೀಸಿನ ಹುಡುಗಿ ಬಾಗಿಲು ತಳ್ಳಿ 'ಕೆ ಪೇನಾ ಕೊನ್ ಉಸ್ತೆದ್' ಅನ್ನುತ್ತಾಳೆ. ಸ್ಪೇನಿನಲ್ಲಿ ಪೇನಾ ಅಂದರೆ ದುಃಖ ಅಂತ ಕಲಿತಿದ್ದೆ. ಅವಳ ಮುಖದಲ್ಲಿ ದುಃಖ ಇಲ್ಲ.

ಸ್ಪ್ಯಾನಿಷ್_ಟೀಚರ್_ಮೈಸೂರು

ಕೊಲಂಬಿಯಾದಲ್ಲಿ ಅದು ಸಂಕೋಚದ ಮಾತು. ತೊಂದರೆ ಕೊಟ್ಟೆ, ತಪ್ಪು ತಿಳಿಯಬೇಡಿ ಅನ್ನುವ ಹಾಗೆ. ಬಾಗಿಲಲ್ಲಿ ನಿಂತಿದ್ದಾಳೆ ಅಂದರೆ 'ಸೋ ಸಾರಿ ಟು ಬಾದರ್ ಯು' ಬರೆಯಿರಿ. ಎದುರು ಕೂತವರು ಯಾರು ಅಂತ ಮಾತ್ರ ನೋಡಿಕೊಳ್ಳಿ, ಮೇಲಧಿಕಾರಿ ಆದರೆ ಕೊನೆಗೊಂದು 'ಸರ್' ಅಥವಾ 'ಮ್ಯಾಮ್' ಬೇಕಾಗುತ್ತದೆ.